ಹಳೆಯ ತಂಬೂರಿಗೆ ಮರುಹೊಳಪು: ಬಣ್ಣಕ್ಕಿಂತ ನಾದ ಮುಖ್ಯ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮನೆ-ಮಠಗಳಲ್ಲಿ ಹಳೆಯ ತಂಬೂರಿ ಇದ್ದರೆ, ಅದರ ದುರಸ್ತಿಗೆ ಸಮೀಪದ ಪ್ರಸಿದ್ಧ ಕೇಂದ್ರ ಮಹಾರಾಷ್ಟ್ರದ ಮಿರಜ. ಬೆಳಗಾವಿ-ಮಿರಜ ರೈಲುಮಾರ್ಗ ಘಟಪ್ರಭಾ ಮೂಲಕವೇ ಹಾದುಹೋಗುತ್ತದೆ.

ಹಿನ್ನೆಲೆ: ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಕುಟುಂಬಗಳು 19ನೇ ಶತಮಾನದಲ್ಲಿ ಇಲ್ಲಿ ವಾದ್ಯ ತಯಾರಿಕೆಗೆ ತೊಡಗಿದವು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದುದೂ ಈ ಊರಿನಲ್ಲೇ. 1937ರಲ್ಲಿ ನಿಧನರಾದ ಅವರ ಸಮಾಧಿ ಇಲ್ಲಿನ ದರ್ಗಾ ಆವರಣದಲ್ಲಿದೆ. ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ವಿಧಾನ: ತಂಬೂರಿಯ ಬುಡ ಒಣಗಿದ ಸೋರೆ ಬುರುಡೆಯದು, ಕೊರಳು ಮತ್ತು ಮುಖದ ಹಲಗೆ ಮರದವು. ಮೊದಲು ತಂತಿಗಳನ್ನು ಬಿಚ್ಚಿ, ಬಿರುಕುಗಳನ್ನು ಮುಚ್ಚಲಾಗುತ್ತದೆ. ಮಾಸಿದ ಪದರವನ್ನು ನವಿರಾಗಿ ಉಜ್ಜಿ ತೆಗೆದ ಬಳಿಕ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ತೆಳುವಾಗಿ ಹಲವು ಬಾರಿ ಸವರಲಾಗುತ್ತದೆ. ಇದೇ ಫ್ರೆಂಚ್ ಪಾಲಿಶ್. ಕಡುಗೆಂಪು, ಕಂದು, ಜೇನುಬಣ್ಣ ಸಾಂಪ್ರದಾಯಿಕ ವರ್ಣಗಳು.

ಎಚ್ಚರಿಕೆ: ಮುಖದ ಹಲಗೆ ಕಂಪಿಸಿದರೆ ಮಾತ್ರ ನಾದ. ದಪ್ಪ ಬಣ್ಣ ಬಳಿದರೆ ಆ ಕಂಪನ ಕುಗ್ಗುತ್ತದೆ. ಅತಿಯಾಗಿ ಉಜ್ಜಿದರೆ ಹಲಗೆಯೇ ತೆಳುವಾಗುತ್ತದೆ. ಹಳೆಯ ವಾದ್ಯಗಳಲ್ಲಿನ ದಂತದ ಕುಸುರಿ ಒಮ್ಮೆ ಅಳಿದರೆ ಮರಳಿ ಕೂಡಿಸಲಾಗದು, ದಂತ ವ್ಯಾಪಾರ ಈಗ ನಿಷಿದ್ಧ. ಹಳೆಯ ವಿದ್ಯುತ್ ಬೇಸ್ ಗಿಟಾರ್‌ಗಳ ಸಂಗ್ರಾಹಕರೂ ಹೊಸ ಹೊಳಪಿಗಿಂತ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಆದ್ದರಿಂದ ಹೊಳಪು ಮಾತ್ರ ಮಾಸಿದ್ದು ನಾದ ಸ್ವಚ್ಛವಾಗಿದ್ದರೆ, ಒಣಬಟ್ಟೆಯಿಂದ ಒರೆಸಿಡುವುದೇ ಲೇಸು.