ದಿನ ತುಂಬದ ಕೂಸು, ದೊಡ್ಡವರ ಕೈ

ಕೂಸಿಗೆ ಎರೆಯುವುದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯಲ್ಲಿ ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ವಯಸ್ಸಾದಾಕೆ ಮಣೆಯ ಮೇಲೆ ಕೂತು ಕಾಲು ಚಾಚುತ್ತಾಳೆ. ಕೂಸನ್ನು ಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕುತ್ತಾಳೆ, ಅಂಗಾತ ತಿರುವಿ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಮಡಚುತ್ತಾಳೆ, ಕಾಲು ನೀವುತ್ತಾಳೆ, ಬಿಸಿನೀರು ಹೊಯ್ಯುತ್ತಾಳೆ. ಆಮೇಲೆ ಲೋಬಾನದ ಹೊಗೆ, ಕೌದಿಯ ಸುತ್ತು. ತುಂಬು ತಿಂಗಳ ಕೂಸಾದರೆ ಅತ್ತು, ಹಾಲು ಕುಡಿದು, ನಿದ್ದೆಹೋಗುತ್ತದೆ.

ದಿನ ತುಂಬದ್ದರ ಪಾಡು ಬೇರೆ. ಚರ್ಮದಡಿ ಕೊಬ್ಬು ಕಡಿಮೆ, ನೀರು ಬಿದ್ದರೆ ಮೈ ತಣ್ಣಗಾಗುತ್ತದೆ. ಪುಪ್ಪುಸದ ಗಾಳಿಗೂಡುಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಸಾಲದು. ಅದರ ಕೊರತೆಯೇ ಉಸಿರುಗಟ್ಟಿಸುತ್ತದೆಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ. ಅಲ್ಲಿಯವರೆಗೆ ನಂಬಿಕೆಯೇ ಆಸರೆ. ಏಳು ತಿಂಗಳದ್ದು ಉಳಿಯುತ್ತದೆ, ಎಂಟರದ್ದು ಉಳಿಯದು ಎನ್ನುವ ಮಾತು ನಮ್ಮದಷ್ಟೇ ಅಲ್ಲ, ಹಿಪ್ಪೊಕ್ರೆಟಿಸನ ಹೆಸರಿನ ಗ್ರೀಕ್ ಗ್ರಂಥಗಳಲ್ಲೂ ಇದೆ. ಲೆಕ್ಕ ತಪ್ಪು: ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ.

ದೊಡ್ಡ ಆಸ್ಪತ್ರೆಯ ವಿದ್ಯೆ ಇತ್ತ ಬಂದದ್ದೂ ತಡವಾಗಿಯೇ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸ್ ಆಡಳಿತದಲ್ಲಿತ್ತು. ಬಳ್ಳಾರಿಗೆ ಮೆಡಿಕಲ್ ಕಾಲೇಜು ಬಂದದ್ದು 1961ರಲ್ಲಿ, ದಾವಣಗೆರೆಗೆ 1965ರಲ್ಲಿ.

ಆಸ್ಪತ್ರೆಯ ಕೈಯೂ ಎಡವದೆ ಇರಲಿಲ್ಲ. ಕಫ ಸಡಿಲಿಸಲು ಎಳೆಗೂಸುಗಳ ಎದೆ ತಟ್ಟುವ ಫಿಸಿಯೋಥೆರಪಿ ಒಂದು ಕಾಲಕ್ಕೆ ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1992ರಿಂದ 1994ರ ನಡುವೆ ತೀರಾ ಮುಂಚೆ ಹುಟ್ಟಿದ 13 ಕೂಸುಗಳ ಮೆದುಳಿಗೆ ವಿಚಿತ್ರ ಪೆಟ್ಟು ಕಂಡಿತು. ಅನುಮಾನ ಆ ತಟ್ಟುವಿಕೆಯ ಮೇಲೇ ಬಿತ್ತು. ಅಜ್ಜಿಯ ತಿಕ್ಕಾಟವನ್ನು ಬೈಯುವ ಮುನ್ನ ಇದೂ ನೆನಪಿರಲಿ.

ಈಗಿನ ಫಿಸಿಯೋಥೆರಪಿಸ್ಟರ ಕೆಲಸದಲ್ಲಿ ಬಲ ಕಡಿಮೆ, ತಾಳ್ಮೆ ಹೆಚ್ಚು. ಬಟ್ಟೆ ಸುರುಳಿ ಸುತ್ತಿ ಗೂಡು ಮಾಡುತ್ತಾರೆ. ಕೈಕಾಲು ಗರ್ಭದಲ್ಲಿದ್ದಂತೆ ಒಳಗೆ ಮಡಚಿರುವಂತೆ ಮಲಗಿಸುತ್ತಾರೆ. ಮಾನಿಟರ್ ಕಾವಲಿನಲ್ಲಿ ಬೋರಲು ಹಾಕಿದರೆ ಎಷ್ಟೋ ಕೂಸುಗಳ ಉಸಿರು ಸಲೀಸಾಗುತ್ತದೆ. ಅಜ್ಜಿಯೂ ಬೋರಲೇ ಹಾಕುತ್ತಿದ್ದಳಲ್ಲ!

ತಾಯಿಯ ಬರಿಎದೆಗೆ ಕೂಸನ್ನು ಕಟ್ಟುವ ಕಾಂಗರೂ ಆರೈಕೆ ಹುಟ್ಟಿದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ, ವೈದ್ಯ ಎಡ್ಗರ್ ರೇ ಕೈಯಲ್ಲಿ. ತುಂಗಭದ್ರೆಯ ಆಚೆದಡದ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು, ಸರ್ಕಾರಿ ಆಸ್ಪತ್ರೆಗಳ ಜೊತೆಗೂಡಿ, 2,000 ಗ್ರಾಂಗಿಂತ ಹಗುರವಾದ ಕೂಸುಗಳಿಗೆ ಇದನ್ನು ಮನೆಯವರೆಗೂ ಮುಟ್ಟಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ಶುರುಮಾಡಿ ದಿನಕ್ಕೆ 8ರಿಂದ 24 ಗಂಟೆ ಹೀಗಿಡಿ ಎಂದಿತು.

ಆಸ್ಪತ್ರೆಯಿಂದ ಇಂಥ ಕೂಸು ಮನೆಗೆ ಬಂದರೆ ಹಂಡೆಗೆ ಬೆಂಕಿ ಹಾಕುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ. ಲೋಬಾನವನ್ನು ಮಾತ್ರ ಕೇಳದೆಯೇ ಬಿಡಿ.