ಓಲ್ವೇಯಸ್ ಕಾರ್ಯಕ್ರಮ

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದನ್ನು ತಡೆಯಲು ನಾರ್ವೆಯಲ್ಲಿ ರೂಪುಗೊಂಡ ಕ್ರಮ. 1982ರ ಕೊನೆಯಲ್ಲಿ ಉತ್ತರ ನಾರ್ವೆಯ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬಹುದೆಂದು ತಿಳಿದಾಗ ಸರ್ಕಾರ 1983ರಲ್ಲಿ ರಾಷ್ಟ್ರವ್ಯಾಪಿ ಆಂದೋಲನ ಆರಂಭಿಸಿತು. ಆ ಆಂದೋಲನದ ಅಂಗವಾಗಿ ಮನೋವಿಜ್ಞಾನಿ ಡಾನ್ ಓಲ್ವೇಯಸ್ (1931–2020) ಬರ್ಗನ್ ನಗರದ ಸುಮಾರು 2,500 ಮಕ್ಕಳನ್ನು ಗಮನಿಸಿ, ಎರಡು ವರ್ಷಗಳಲ್ಲಿ ಪೀಡನೆ ಅರ್ಧದಷ್ಟು ಇಳಿಯಿತೆಂದು ವರದಿ ಮಾಡಿದರು. ಬಲವುಳ್ಳವರು ತಿರುಗಿ ನಿಲ್ಲಲಾರದವರನ್ನು ಪದೇ ಪದೇ ನೋಯಿಸುವುದೇ ಪೀಡನೆ ಎಂಬ ಅವರ ವ್ಯಾಖ್ಯೆ ಇಲ್ಲಿ ಬಹು ಮುಖ್ಯ. ‘ಮಕ್ಕಳ ಜಗಳ, ಅವರೇ ಸರಿಮಾಡಿಕೊಳ್ಳುತ್ತಾರೆ’ ಎಂಬ ಹಿರಿಯರ ಮಾತು ಸಮಬಲರ ಜಗಳಕ್ಕೆ ಒಪ್ಪೀತು, ಇದಕ್ಕೆ ಒಪ್ಪದು. ಆದ್ದರಿಂದಲೇ ಬಿಡುವಿನ ವೇಳೆಯ ಮೇಲ್ವಿಚಾರಣೆ, ತರಗತಿಯ ಸ್ಪಷ್ಟ ನಿಯಮ, ಪೋಷಕರೊಡನೆ ಮಾತುಕತೆ ಎಲ್ಲವೂ ದೊಡ್ಡವರ ಹೊಣೆಯಾಗುತ್ತವೆ.

ಆಕ್ಷೇಪಗಳೂ ಇವೆ. ಹೋಲಿಸಿ ನೋಡಲು ಆಂದೋಲನ ತಲುಪದ ಶಾಲೆಗಳಿರಲಿಲ್ಲ. ಅದೇ ಆಂದೋಲನವನ್ನು ರೋಗಲಾಂಡ್ ಪ್ರಾಂತ್ಯದಲ್ಲಿ ಅಳೆದಾಗ ಅಂಥ ಇಳಿಕೆ ಕಾಣಲಿಲ್ಲ. ಆಕ್ಷೇಪ ನ್ಯಾಯವಾದದ್ದೇ. ಆದರೆ ಬರ್ಗನ್‌ನಲ್ಲಿ ಸಂಶೋಧಕರು ಶಾಲೆಗಳ ಬೆನ್ನಿಗೆ ನಿಂತಿದ್ದರು, ರೋಗಲಾಂಡ್‌ನಲ್ಲಿ ಆ ಬೆಂಬಲ ಕಡಿಮೆಯಿತ್ತು. ಕೈಪಿಡಿ ಹಂಚಿದರೆ ಸಾಲದು ಎಂಬುದಕ್ಕೆ ಇದು ಸಾಕ್ಷಿ, ಕ್ರಮವೇ ವ್ಯರ್ಥ ಎಂಬುದಕ್ಕಲ್ಲ. ಹಲವು ದೇಶಗಳ ಇಂಥ ಕಾರ್ಯಕ್ರಮಗಳನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧಕರಾದ ಟೋಫಿ ಮತ್ತು ಫ್ಯಾರಿಂಗ್ಟನ್ ಸರಾಸರಿ ಶೇ. 20ರಿಂದ 23ರಷ್ಟು ಇಳಿಕೆ ಕಂಡರು. ದೀರ್ಘಕಾಲ, ತೀವ್ರವಾಗಿ ನಡೆದ ಕಾರ್ಯಕ್ರಮಗಳಲ್ಲಿ ಅದು ಇನ್ನೂ ಹೆಚ್ಚಿತ್ತು.