ಮೂಕಿ ಚಿತ್ರದ ಕೆಂಪು ನಿಲುವಂಗಿ

ಮೂಕಿ ಚಿತ್ರವೆಂದರೆ ಕಪ್ಪು-ಬಿಳುಪು ಎಂದೇ ನಮ್ಮ ಎಣಿಕೆ. ಆದರೆ 1925ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸಂಸ್ಥೆ ತೆರೆಗೆ ತಂದ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದ ಕೆಲವು ದೃಶ್ಯಗಳು ಟೆಕ್ನಿಕಲರ್‌ನಲ್ಲಿದ್ದವು. ಕೆಂಪು, ಹಸಿರು ಎರಡೇ ವರ್ಣಗಳ ವಿಧಾನವದು. ಅಚ್ಚ ನೀಲಿ ಅದಕ್ಕೆ ಒಲಿಯುತ್ತಿರಲಿಲ್ಲ. ಮುಖವಾಡಗಳ ನೃತ್ಯಕೂಟಕ್ಕೆ ಲಾನ್ ಚಾನಿ ತಲೆಬುರುಡೆಯ ಮುಖವಾಡ, ಕೆಂಪು ನಿಲುವಂಗಿ ತೊಟ್ಟು ಬರುತ್ತಾನಲ್ಲ, ಟೆಕ್ನಿಕಲರ್‌ನಲ್ಲಿ ಇಂದಿಗೆ ಉಳಿದಿರುವ ದೃಶ್ಯ ಅದೊಂದೇ.

ಮಿಕ್ಕವು? ಮನೆಗಳಲ್ಲಿ ತೋರಿಸಲೆಂದು ಯೂನಿವರ್ಸಲ್ 16 ಮಿ.ಮೀ. ಪ್ರತಿಗಳನ್ನು ತೆಗೆಸಿತ್ತು, ಕಪ್ಪು-ಬಿಳುಪಿನಲ್ಲಿ. 1925ರ ಆವೃತ್ತಿ ನಮಗೆ ದಕ್ಕಿರುವುದು ಅವುಗಳಿಂದಲೇ. ಹಾಗಾಗಿ ಕಥೆ ಉಳಿದರೂ ಬಣ್ಣ ಉಳಿಯಲಿಲ್ಲ.

ಒಪೆರಾ ಕಟ್ಟಡದ ತಾರಸಿಯಲ್ಲಿ ಗಾಳಿಗೆ ಹಾರುವ ಅದೇ ನಿಲುವಂಗಿಗೆ ಬೇರೊಂದು ವಿಧಾನದಲ್ಲಿ ಕೆಂಪು ಬಳಿಯಲಾಗಿತ್ತು. ಅದೂ ಕಳೆದುಹೋಗಿ, 1996ರ ಪುನರುದ್ಧಾರದಲ್ಲಿ ಕಂಪ್ಯೂಟರ್ ನೆರವಿನಿಂದ ತುಂಬಿದರು. ನೋಡಲು ಚೆಂದವೇ, ಆದರೆ 1925ರ ಪ್ರೇಕ್ಷಕ ಕಂಡ ಕೆಂಪು ಅದಲ್ಲ.